ಹಳೆಯ ಯುರೋಪಿಯನ್ ಬೋಲ್ಟ್ ಆ್ಯಕ್ಷನ್ ಬೇಟೆ ರೈಫಲ್: ಗುರುತು ಹಿಡಿಯುವುದು, ಬೆಲೆ ಕಟ್ಟುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವ ಉತ್ತರಗಳು 1890ರ ದಶಕದಿಂದ 1970ರ ಆಸುಪಾಸಿನವರೆಗೆ ಯುರೋಪಿನಲ್ಲಿ ತಯಾರಾದ ಬೋಲ್ಟ್ ರೈಫಲ್‌ಗಳಿಗೆ ಸಂಬಂಧಿಸಿದವು. ಬೋಲ್ಟ್ ಅಂದರೆ ಕೈಯಿಂದ ಹಿಂದೆ ಮುಂದೆ ಎಳೆದು ಕಾಡತೂಸನ್ನು ಒಳಕ್ಕೆ ತಳ್ಳಿ ಬೀಗ ಹಾಕುವ ಉಕ್ಕಿನ ತುಂಡು. ಹೆಚ್ಚಿನ ಮಾತು ಜರ್ಮನಿಯ ಮೌಸರ್ ಮತ್ತು ಆಸ್ಟ್ರಿಯಾದ ಮ್ಯಾನ್‌ಲಿಕರ್-ಶೋನವರ್ ಬಗ್ಗೆಯೇ ಇದೆ. ಓದುವ ಮೊದಲು ಒಂದು ಮನವಿ: ಕೋವಿ ಯಾವುದೆಂದು ಖಚಿತವಾಗುವ ತನಕ ಅದನ್ನು ಉಜ್ಜಬೇಡಿ, ಪಾಲಿಶ್ ಹಾಕಿಸಬೇಡಿ, ಗುಂಡು ಹಾರಿಸಬೇಡಿ. ನೂರು ವರ್ಷ ಉಳಿದುಬಂದ ಗುರುತುಗಳು ಅರ್ಧ ಗಂಟೆಯ ಎಮರಿ ಕಾಗದಕ್ಕೆ ಅಳಿಸಿಹೋಗುತ್ತವೆ.

ಕೈಗೆತ್ತಿಕೊಂಡ ತಕ್ಷಣ ಮೊದಲು ಏನು ಮಾಡಬೇಕು?

ಒಳಗೆ ಗುಂಡಿದೆ ಎಂದೇ ತಿಳಿದು ನಡೆದುಕೊಳ್ಳಿ. ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಬೋಲ್ಟ್ ಹಿಡಿಯನ್ನು ಮೇಲೆತ್ತಿ ಹಿಂದಕ್ಕೆ ಎಳೆಯಿರಿ. ಮೇಲೇಳದಿದ್ದರೆ ಬಲ ಹಾಕಬೇಡಿ. ಮೌಸರ್ 98ರಲ್ಲಿ ಬೋಲ್ಟಿನ ಹಿಂತುದಿಯಲ್ಲಿರುವ ಸುರಕ್ಷತಾ ಎಲೆಗೆ ಮೂರು ಸ್ಥಾನಗಳಿವೆ. ಎಡಕ್ಕಿದ್ದರೆ ಗುಂಡು ಹಾರುತ್ತದೆ. ನೆಟ್ಟಗೆ ನಿಂತಿದ್ದರೆ ಹಾರುವುದಿಲ್ಲ, ಆದರೆ ಬೋಲ್ಟ್ ತೆರೆಯಬಹುದು. ಬಲಕ್ಕಿದ್ದರೆ ಎಲ್ಲವೂ ಬಿಗಿ. ಬಹಳ ಸಲ "ತುಕ್ಕು ಹಿಡಿದು ಕಚ್ಚಿಕೊಂಡಿದೆ" ಅನ್ನುವ ಬೋಲ್ಟಿನ ತೊಂದರೆ ಇಷ್ಟೇ ಆಗಿರುತ್ತದೆ. ಎಲೆಯನ್ನು ನೆಟ್ಟಗೆ ನಿಲ್ಲಿಸಿ, ತೆರೆಯಿರಿ.

ತೆರೆದ ಮೇಲೆ ಟಾರ್ಚ್ ಬಿಟ್ಟು ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ಮ್ಯಾಗಝಿನ್‌ನಲ್ಲಿ ಕಾಡತೂಸುಗಳಿದ್ದರೆ ಬೋಲ್ಟ್ ಮುಂದಕ್ಕೆ ತಳ್ಳುವ ಮೊದಲು ಅವನ್ನು ತೆಗೆಯಬೇಕು. ಮ್ಯಾನ್‌ಲಿಕರ್-ಶೋನವರ್‌ನಲ್ಲಿ ಮ್ಯಾಗಝಿನ್ ಬಾಯಿಯ ಒಳಗೋಡೆಯಲ್ಲಿ ಒಂದು ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಐದೂ ಕಾಡತೂಸುಗಳು ಮೇಲಕ್ಕೆ ಚಿಮ್ಮಿ ಬರುತ್ತವೆ.

ನಳಿಗೆಯ ಮೇಲೆ ಮದರಾಸು ಅಥವಾ ಕಲ್ಕತ್ತೆಯ ಅಂಗಡಿಯ ಹೆಸರಿದೆ. ತಯಾರಿಸಿದವರು ಅವರೇನಾ?

ಬಹುತೇಕ ಅಲ್ಲ. ಮದರಾಸಿನ ಪಿ. ಓರ್ ಆಂಡ್ ಸನ್ಸ್, ಕಲ್ಕತ್ತೆಯ ಮ್ಯಾಂಟನ್, ಆರ್. ಬಿ. ರೊಡ್ಡಾ ಇಂಥ ಅಂಗಡಿಗಳು ಯುರೋಪಿನಿಂದ ತರಿಸಿ ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದವು. ಲಂಡನ್ ಹೆಸರುಗಳನ್ನೂ ಇದೇ ಎಚ್ಚರದಿಂದ ಓದಬೇಕು. ಜಾನ್ ರಿಗ್ಬಿ ಕಂಪನಿ 1898ರಿಂದ ಮೌಸರಿನ ಬ್ರಿಟಿಷ್ ಏಜೆಂಟ್ ಆಗಿತ್ತು. ಅದರ ಬೋಲ್ಟ್ ರೈಫಲ್‌ಗಳ ಎದೆಗೂಡಾದ, ಬೋಲ್ಟ್ ಓಡಾಡುವ ರಿಸೀವರ್ ಮತ್ತು ಬೋಲ್ಟ್ ಬಂದದ್ದು ನೆಕ್ಕರ್ ನದಿ ದಂಡೆಯ ಓಬರ್ನ್‌ಡಾರ್ಫಿನಿಂದ.

ಹಾಗಂತ ಅಂಗಡಿಯ ಹೆಸರಿಗೆ ಬೆಲೆ ಇಲ್ಲವೆಂದಲ್ಲ. ಒಳ್ಳೆಯ ಲಂಡನ್ ಹೆಸರಿದ್ದರೆ ಬೆಲೆ ಹಲವು ಪಟ್ಟು ಏರುತ್ತದೆ. ಆದ್ದರಿಂದಲೇ ಆ ಹೆಸರನ್ನು ಆಮೇಲೆ ಕೆತ್ತಿಸುವವರೂ ಇದ್ದಾರೆ. ಪರೀಕ್ಷೆ ಸುಲಭ: ಅಸಲಿ ಕೆತ್ತನೆಯ ಮೇಲೆ ಕಪ್ಪು ಬಣ್ಣ ಹತ್ತಿರುತ್ತದೆ, ಅಂದರೆ ಅಕ್ಷರದ ತಳವೂ ಸುತ್ತಲ ಲೋಹದಷ್ಟೇ ಹಳೆಯದಾಗಿ ಕಾಣಬೇಕು. ಭೂತಗನ್ನಡಿಯಲ್ಲಿ ಅಕ್ಷರದ ತಳ ಮಾತ್ರ ಹೊಳೆಯುತ್ತಿದ್ದರೆ ಅನುಮಾನಿಸಿ. ರಿಗ್ಬಿಯಂಥ ಕಂಪನಿಗಳು ಹಳೆಯ ಮಾರಾಟ ಲೆಡ್ಜರುಗಳನ್ನು ಉಳಿಸಿಕೊಂಡಿವೆ. ಸೀರಿಯಲ್ ನಂಬರ್ ಬರೆದು ಕೇಳಿದರೆ ಯಾವ ಬೋರಿನದು (ನಳಿಗೆಯ ಒಳ ಅಳತೆ), ಯಾವಾಗ ಹೋಯಿತು ಎಂಬ ವಿವರ ಸಿಗುತ್ತದೆ.

ಇದು ಬೇಟೆಗೆಂದೇ ಮಾಡಿದ ಮೌಸರ್ರೋ, ಸೈನಿಕರ ಕೋವಿಯನ್ನು ಕೊರೆದು ಮಾಡಿದ್ದೋ?

ಬೆಲೆಯಲ್ಲಿ ಅತಿ ದೊಡ್ಡ ವ್ಯತ್ಯಾಸ ಬರುವುದು ಇಲ್ಲೇ. ಎರಡರಲ್ಲೂ 1898ರ ಅದೇ ವಿನ್ಯಾಸ ಇರುತ್ತದೆ: ಬೋಲ್ಟಿನ ಮುಂದೆ ಎರಡು ಲಗ್ (ಬೀಗ ಹಾಕುವ ಉಬ್ಬು), ಹಿಂದೆ ಒಂದು ಸುರಕ್ಷತಾ ಲಗ್, ಬೋಲ್ಟಿನ ಬದಿಗೆ ಕಾಡತೂಸನ್ನು ಹೊರಗೆಳೆಯುವ ಉದ್ದನೆಯ ಎಕ್ಸ್‌ಟ್ರ್ಯಾಕ್ಟರ್ ಪಟ್ಟಿ.

ಸೈನ್ಯದ ಮೂಲದ್ದಾದರೆ ರಿಸೀವರಿನ ಮುಂಬಳೆಯ (ನಳಿಗೆ ಸೇರುವ ಮುಂದಿನ ಉಂಗುರದ) ಮೇಲೆ ಕಾರ್ಖಾನೆಯ ಸಂಕೇತ ಮತ್ತು ಇಸವಿ, ದೇಶದ ಲಾಂಛನ, ಅಥವಾ ಅವನ್ನು ಅರೆದು ತೆಗೆದ ಚಪ್ಪಟೆ ಜಾಗ ಕಾಣುತ್ತದೆ. ಬಳೆಯ ಮೇಲೆ ನೇರ ಅಂಚಿನ ಸ್ಕೇಲ್ ಅಡ್ಡಲಾಗಿಟ್ಟು ಬೆಳಕಿಗೆ ಹಿಡಿಯಿರಿ. ಅರೆದಿದ್ದರೆ ಗುಂಡಗಿರಬೇಕಾದಲ್ಲಿ ತಗ್ಗು ಕಾಣುತ್ತದೆ. ಬದಿಯಲ್ಲಿ ಪುಟ್ಟ ಹದ್ದಿನ ಮುದ್ರೆಗಳಿದ್ದರೆ ಅವು ಜರ್ಮನ್ ಸೈನ್ಯದ ತಪಾಸಣೆಯವಾಗಿರಬಹುದು. ಹಿಂಗಮಾನಿನ (ರಿಸೀವರಿನ ಹಿಂದಿನ ಕಮಾನಿನ) ಮೇಲೆ ಕಾಡತೂಸು ಕ್ಲಿಪ್ ನಿಲ್ಲಿಸುವ ಗೂಡು, ಎಡಗೋಡೆಯಲ್ಲಿ ಹೆಬ್ಬೆರಳಿಗೆಂದು ಕೊರೆದ ಅರ್ಧಚಂದ್ರ, ಇವೆರಡೂ ಸೈನಿಕ ರೈಫಲ್‌ಗಳ ಲಕ್ಷಣವೇ. ಆದರೆ ಇವು ಕೆಲವು ಅಸಲಿ ಬೇಟೆ ಮೌಸರ್‌ಗಳಲ್ಲೂ ಇರುತ್ತವೆ. ಇವನ್ನಷ್ಟೇ ನೋಡಿ ತೀರ್ಪು ಕೊಡಬೇಡಿ.

ಓಬರ್ನ್‌ಡಾರ್ಫಿನ ಬೇಟೆ ರೈಫಲ್‌ನಲ್ಲಿ ಮೌಸರ್ ಬಾವುಟದ ಮುದ್ರೆ ಇರುತ್ತದೆ. 1922ಕ್ಕೆ ಮೊದಲಿನದಾದರೆ ಕಂಪನಿಯ ಹೆಸರು ವಾಫೆನ್‌ಫಾಬ್ರಿಕ್ ಮೌಸರ್, ಆಮೇಲಿನದಾದರೆ ಮೌಸರ್-ವೆರ್ಕೆ. ಟೈಪ್ ಬಿ ಸಾಮಾನ್ಯ ಅರ್ಧ ಸ್ಟಾಕಿನದು (ಸ್ಟಾಕ್ ಅಂದರೆ ಕೋವಿಯ ಮರದ ಭಾಗ), ನಳಿಗೆ ಸುಮಾರು 60 ಸೆಂ.ಮೀ. ಟೈಪ್ ಎಂ ಮತ್ತು ಟೈಪ್ ಎಸ್ ನಳಿಗೆ ಸುಮಾರು 50 ಸೆಂ.ಮೀ., ಮರ ನಳಿಗೆಯ ತುದಿಯ ತನಕ ಹೋಗುತ್ತದೆ. ಟೈಪ್ ಎ ಇಂಗ್ಲಿಷ್ ರುಚಿಗೆ ಮಾಡಿದ್ದು, ಟೈಪ್ ಕೆ ಗಿಡ್ಡ ಆ್ಯಕ್ಷನ್ನಿನದು (ಆ್ಯಕ್ಷನ್ ಅಂದರೆ ರಿಸೀವರ್ ಮತ್ತು ಬೋಲ್ಟ್ ಸೇರಿದ ಭಾಗ). ಸಂಗ್ರಾಹಕರು ಟೈಪ್ ಕೆ ಮತ್ತು ಉದ್ದನೆಯ ಮ್ಯಾಗ್ನಮ್ ಆ್ಯಕ್ಷನ್‌ಗಳ ಬೆನ್ನು ಬೀಳುತ್ತಾರೆ, ಯಾಕೆಂದರೆ ಅವು ಕಡಿಮೆ.

ಬೆಲ್ಜಿಯಂನ ಎಫ್‌ಎನ್, ಚೆಕ್ ದೇಶದ ಝ್‌ಬ್ರೊಯೊವ್ಕಾ ಬ್ರನೋ, ಸ್ವೀಡನ್ನಿನ ಹುಸ್ಕ್‌ವಾರ್ನಾ ಕೂಡ ಮೌಸರ್ ವಿನ್ಯಾಸದಲ್ಲೇ ಉತ್ತಮ ಬೇಟೆ ರೈಫಲ್ ಮಾಡಿದವು. ಬ್ರನೋದ ಮಾಡೆಲ್ 21 ಮತ್ತು 22, ಝಡ್‌ಜಿ 47 ಕೆಲಸದ ನಾಜೂಕಿನಲ್ಲಿ ಓಬರ್ನ್‌ಡಾರ್ಫಿಗೆ ಕಡಿಮೆಯಿಲ್ಲ. ಅವುಗಳಿಗೆ ಸಿಗಬೇಕಾದಷ್ಟು ಬೆಲೆ ಇನ್ನೂ ಸಿಗುತ್ತಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮ್ಯಾನ್‌ಲಿಕರ್-ಶೋನವರ್ ಗುರುತಿಸುವುದು ಹೇಗೆ?

ಬೋಲ್ಟ್ ಹಿಡಿ ಬೆಣ್ಣೆ ಚಾಕುವಿನ ಹಾಗೆ ಚಪ್ಪಟೆಯಾಗಿ ಕೆಳಗಿಳಿದಿರುತ್ತದೆ. ಮೌಸರಿನಲ್ಲಿ ಹಿಡಿ ಹಿಂಗಮಾನಿನ ಹಿಂದೆ ಕೂರುತ್ತದೆ. ಇದರಲ್ಲಿ ಕಮಾನೇ ಸೀಳಿದೆ, ಹಿಡಿ ಆ ಸೀಳಿನಲ್ಲಿ ಹಾದು ಕಮಾನಿನ ಮುಂದೆ ಬಂದು ಕೂರುತ್ತದೆ. ಬೋಲ್ಟ್ ಎಳೆದರೆ ಎಣ್ಣೆ ಸವರಿದ ಗಾಜಿನ ಮೇಲೆ ಜಾರಿದಂತಿರಬೇಕು. ಎಲ್ಲಾದರೂ ಕೆರೆದರೆ ರಿಸೀವರಿನ ಒಳಹಾದಿಯಲ್ಲಿ ತುಕ್ಕೋ ಒಣಗಿದ ಗ್ರೀಸೋ ಇದೆ ಎಂದರ್ಥ.

ಮ್ಯಾಗಝಿನ್ ತಿರುಗುವ ಉರುಳೆಯ ಮಾದರಿಯದು. ತಳದ ತಟ್ಟೆಯ ರಂಧ್ರದಲ್ಲಿ ಕಾಣುವ ಚಿಲಕವನ್ನು ಮೊಂಡು ತುದಿಯಿಂದ ಒತ್ತಿ ತಟ್ಟೆಯನ್ನು ಕಾಲು ಸುತ್ತು ತಿರುಗಿಸಿದರೆ ಇಡೀ ಉರುಳೆ ಕೈಗೆ ಬರುತ್ತದೆ. ಉರುಳೆಯ ಸ್ಪ್ರಿಂಗ್ ಒಂದು ನೂರಕ್ಕಿಂತ ಹೆಚ್ಚು ವರ್ಷ ಕೆಲಸ ಮಾಡಿರುತ್ತದೆ, ಅದನ್ನು ಬಿಚ್ಚಲು ಹೋಗಬೇಡಿ.

ಮಾದರಿಗಳು ನಾಲ್ಕು ಮುಖ್ಯ (ಇಸವಿಯ ಪಕ್ಕದ್ದು ಕಾಡತೂಸಿನ ಅಳತೆ: ಬೋರ್ × ಕಾಡತೂಸು ಕೋಶದ ಉದ್ದ, ಮಿ.ಮೀ.ನಲ್ಲಿ): 1903 – 6.5×54, 1905 – 9×56, 1908 – 8×56, 1910 – 9.5×57. ರಿಸೀವರ್ ಮೇಲಿನ 1903 ಎಂಬುದು ಮಾದರಿಯ ಇಸವಿ, ತಯಾರಾದ ಇಸವಿಯಲ್ಲ. ನಿಜವಾದ ಇಸವಿಗೆ ನಳಿಗೆಯ ಮೇಲಿನ ವಿಯೆನ್ನಾ ಪ್ರೂಫ್ ಮುದ್ರೆ ಎನ್‌ಪಿವಿ ಹುಡುಕಿ. ಅದರ ಪಕ್ಕದ ಸಂಖ್ಯೆಯಲ್ಲಿ ಚುಕ್ಕೆಯ ನಂತರ ಬರುವ ಎರಡಂಕಿ ಇಸವಿ: .13 ಎಂದಿದ್ದರೆ 1913.

ಅಸಲಿ 1903 ಕಾರ್ಬೈನ್‌ನ ನಳಿಗೆ 45 ಸೆಂ.ಮೀ., ಮರ ತುದಿಯ ತನಕ, ಮೂತಿಗೆ ಉಕ್ಕಿನ ಟೋಪಿ. ಹಿಂಬದಿಯ ಲೋಹದ ತಟ್ಟೆಯಲ್ಲೊಂದು ಮುಚ್ಚಳ ಇರುತ್ತದೆ, ಒಳಗೆ ತುಂಡುಗಳಾಗಿ ಜೋಡಿಸುವ ಶುಚಿ ಸರಳು. ಆ ಸರಳು ಇನ್ನೂ ಒಳಗೇ ಇದ್ದರೆ ಅದನ್ನು ಬೇರೆಡೆ ಇಡಬೇಡಿ. ಅಸಲಿ ಸರಳು ಇರುವ ಕಾರ್ಬೈನ್‌ಗಳು ಅಪರೂಪ.

ಎರಡು ಟ್ರಿಗರ್ ಯಾಕಿವೆ?

ಹಿಂದಿನದನ್ನು ಎಳೆದರೆ ಮುಂದಿನದು ಕೂದಲೆಳೆಯಷ್ಟು ಹಗುರಾಗುತ್ತದೆ. ಎರಡರ ನಡುವಿನ ಪುಟ್ಟ ಸ್ಕ್ರೂ ಆ ಹಗುರವನ್ನು ನಿರ್ಧರಿಸುತ್ತದೆ. ಅದನ್ನು ಯಾರೋ ಅತಿಯಾಗಿ ತಿರುಗಿಸಿದ್ದರೆ ನೆಲಕ್ಕೆ ತಟ್ಟಿದ ಮಾತ್ರಕ್ಕೆ ಕೋವಿ ಹೊಡೆಯುತ್ತದೆ. ಹೂಡಿದ ಟ್ರಿಗರನ್ನು ಇಳಿಸಬೇಕಾದರೆ ಬೋಲ್ಟ್ ತೆರೆದು, ಹಿಂದಿನ ಟ್ರಿಗರನ್ನು ಒತ್ತಿ ಹಿಡಿದುಕೊಂಡೇ ಮುಂದಿನದನ್ನು ಮುಟ್ಟಿ, ಆಮೇಲೆ ಹಿಂದಿನದನ್ನು ನಿಧಾನವಾಗಿ ಬಿಡಿ.

ಪ್ರೂಫ್ ಮುದ್ರೆ ಎಂದರೇನು? ಎಲ್ಲಿರುತ್ತದೆ?

ಸರ್ಕಾರದ ಮಾನ್ಯತೆಯ ಪರೀಕ್ಷಾಲಯ ನಳಿಗೆಯಲ್ಲಿ ಅತಿ ಒತ್ತಡದ ಕಾಡತೂಸು ಹಾರಿಸಿ, ತಡೆದುಕೊಂಡ ಮೇಲೆ ಒತ್ತುವ ಮುದ್ರೆ. ಹಳೆಯ ರೈಫಲಿನ ಜಾತಕ ಇದೇ. ತಯಾರಕನ ಹೆಸರು ಸುಳ್ಳು ಹೇಳಬಹುದು, ಪ್ರೂಫ್ ಮುದ್ರೆ ಸುಳ್ಳು ಹೇಳುವುದು ತೀರಾ ಅಪರೂಪ.

ಸಾಮಾನ್ಯವಾಗಿ ನಳಿಗೆಯ ತಳದಲ್ಲಿ, ಮರದೊಳಗೆ ಮುಚ್ಚಿಹೋಗಿರುತ್ತವೆ. ನೋಡಬೇಕಾದರೆ ಟ್ರಿಗರ್ ಗಾರ್ಡಿನ ಮುಂದೆ ಮತ್ತು ಹಿಂದೆ ಇರುವ ಎರಡು ಸ್ಕ್ರೂ ಬಿಚ್ಚಿ ಸ್ಟಾಕ್ ಬೇರ್ಪಡಿಸಬೇಕು. ಸ್ಕ್ರೂವಿನ ಸೀಳಿಗೆ ಅಂಚಿನಿಂದ ಅಂಚಿಗೆ ಸರಿಯಾಗಿ ಕೂರುವ, ಸಮಾನ ದಪ್ಪದ ತುದಿಯ ಸ್ಕ್ರೂಡ್ರೈವರ್ ಬೇಕು. ಮನೆಯಲ್ಲಿರುವ ಇಳಿಜಾರು ತುದಿಯದು ಸೀಳಿನಿಂದ ಜಾರಿ ಸ್ಕ್ರೂ ತಲೆ ಕಚ್ಚುಕಚ್ಚಾಗುತ್ತದೆ. ಆ ಕಚ್ಚು ಕೊಳ್ಳುವವನ ಕಣ್ಣಿಗೆ ಮೊದಲು ಬೀಳುತ್ತದೆ. ಸರಿಯಾದ ಸಲಕರಣೆ ಇಲ್ಲದಿದ್ದರೆ ಈ ಕೆಲಸವನ್ನು ಪರವಾನಗಿ ಇರುವ ಕೋವಿ ರಿಪೇರಿಯವರಿಗೇ ಬಿಡಿ.

ಜರ್ಮನಿಯದಾದರೆ 1939ರ ತನಕ ಕಿರೀಟದ ಕೆಳಗೆ ಬಿ, ಯು, ಜಿ, ಎನ್ ಅಕ್ಷರಗಳು. ಜಿ ಅಂದರೆ ಸುರುಳಿಗೆರೆ ಕೊರೆದ ನಳಿಗೆ, ಎನ್ ಅಂದರೆ ನೈಟ್ರೋ (ಹೊಗೆಯಿಲ್ಲದ) ಮದ್ದಿಗೆ ಪರೀಕ್ಷಿತ. ಪಕ್ಕದಲ್ಲಿ 627 ಎಂಬಂಥ ಅಂಕೆ ಇದ್ದರೆ ಅದು 1927ರ ಜೂನ್. 1940ರ ಏಪ್ರಿಲ್‌ನಿಂದ ಕಿರೀಟದ ಬದಲು ಹದ್ದು. 1952ರ ನಂತರದ ಪಶ್ಚಿಮ ಜರ್ಮನಿಯ ರೈಫಲ್‌ಗಳಲ್ಲಿ ಹದ್ದಿನ ಜೊತೆಗೆ ಪರೀಕ್ಷಾಲಯದ ಗುರುತು (ಉಲ್ಮ್ ಆದರೆ ಜಿಂಕೆ ಕೊಂಬು), ಹಲವದರಲ್ಲಿ ಎರಡಕ್ಷರದ ಇಸವಿ: ಎ ಅಂದರೆ 0, ಬಿ ಅಂದರೆ 1, ಹೀಗೆ ಜಿಎಚ್ ಅಂದರೆ 67.

ಬೆಲ್ಜಿಯಂನ ಲಿಯೇಜ್ ಮುದ್ರೆ ಅಂಡಾಕಾರದೊಳಗೆ ಇಎಲ್‌ಜಿ. ಚೆಕ್ ರೈಫಲ್‌ಗಳಲ್ಲಿ ಇಸವಿಯ ಕೊನೆಯ ಎರಡಂಕಿ ನೇರವಾಗಿಯೇ ಇರುತ್ತದೆ. ಬ್ರಿಟನ್ನಿನಲ್ಲಿ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ಎರಡು ಕಡೆ ಪರೀಕ್ಷೆ. ಅಲ್ಲಿ 1925ರಿಂದ 1955ರ ನಡುವೆ ಹೊರದೇಶದ ಕೋವಿಗಳಿಗೆ "ನಾಟ್ ಇಂಗ್ಲಿಷ್ ಮೇಕ್" ಎಂದು ಒತ್ತುತ್ತಿದ್ದರು.

ಯಾವ ಕಾಡತೂಸು ಎಂದು ತಿಳಿಯುವುದು ಹೇಗೆ? ಡಬ್ಬಿಯಲ್ಲಿ ಹಳೆಯ ಕಾಡತೂಸುಗಳಿವೆ, ಅವೇ ಅಲ್ಲವೇ?

ಡಬ್ಬಿಯನ್ನು ನಂಬಬೇಡಿ. ಜನ ಪ್ರಾಣ ಕಳೆದುಕೊಳ್ಳುವ ಅಪಾಯ ಇರುವುದು ಇಲ್ಲೇ.

8×57 ತೆಗೆದುಕೊಳ್ಳಿ. 1888ರ ಮೂಲ ಕಾಡತೂಸಿನ ಗುಂಡು .318 ಇಂಚು. 1900ರ ದಶಕದ ಆರಂಭದಲ್ಲಿ ಜರ್ಮನ್ ಸೈನ್ಯ .323 ಇಂಚಿನ ಗುಂಡಿಗೆ ಬದಲಾಯಿಸಿತು, ಅದಕ್ಕೆ ಎಸ್ ಎಂಬ ಅಕ್ಷರ ಸೇರಿತು. ಹೊರಗಿನಿಂದ ಎರಡೂ ಒಂದೇ ರೀತಿ, ನಳಿಗೆಯಲ್ಲಿ ಕಾಡತೂಸು ಕೂರುವ ಗೂಡಾದ ಚೇಂಬರಿಗೂ ಹೆಚ್ಚಾಗಿ ಕೂರುತ್ತದೆ. ಹಳೆಯ ಸಣ್ಣ ನಳಿಗೆಯಲ್ಲಿ ಎಸ್ ಕಾಡತೂಸು ಹಾರಿಸಿದರೆ ದಪ್ಪ ಗುಂಡು ಇಕ್ಕಟ್ಟಿನಲ್ಲಿ ತೂರಬೇಕಾಗಿ ಒತ್ತಡ ಮಿತಿ ಮೀರುತ್ತದೆ. ಬೇಟೆ ರೈಫಲ್‌ಗಳಲ್ಲಿ ಸಣ್ಣ ನಳಿಗೆ ದಶಕಗಳ ಕಾಲ ಮುಂದುವರಿಯಿತು. ಆದ್ದರಿಂದ 1920ರ ದಶಕದ ರೈಫಲ್ ಎಂದ ಮಾತ್ರಕ್ಕೆ ಎಸ್ ಎಂದುಕೊಳ್ಳುವಂತಿಲ್ಲ.

ಇನ್ನು ಹೆಸರಿನ ಗೊಂದಲ. .318 ವೆಸ್ಟ್ಲಿ ರಿಚರ್ಡ್ಸ್ ಎಂಬ ಬ್ರಿಟಿಷ್ ಕಾಡತೂಸಿನ ಗುಂಡು .330 ಇಂಚು; ಮೇಲಿನ .318ಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮ ದೇಶದ ಆರ್ಡ್ನೆನ್ಸ್ ಕಾರ್ಖಾನೆಯ .315 ಕಾಡತೂಸು ಆಸ್ಟ್ರಿಯಾದ 8×50 ಅಂಚುಳ್ಳ ಮ್ಯಾನ್‌ಲಿಕರ್ ಕಾಡತೂಸಿನ ವಂಶದ್ದು. "ಎಂಟು ಎಂಎಂ ಅಲ್ಲವೇ" ಎಂದು ಅದನ್ನು 8×57 ಮೌಸರಿಗೋ 8×56 ಮ್ಯಾನ್‌ಲಿಕರ್-ಶೋನವರಿಗೋ ತುರುಕುವಂತಿಲ್ಲ. .256 ಮ್ಯಾನ್‌ಲಿಕರ್ ಎಂಬ ಹೆಸರನ್ನು ಬ್ರಿಟಿಷರು ಅಂಚುಳ್ಳ 6.5×53 ಮತ್ತು ಅಂಚಿಲ್ಲದ 6.5×54 ಎರಡಕ್ಕೂ ಬಳಸಿದರು. 9.5×57ಗೆ ಬ್ರಿಟನ್ನಿನಲ್ಲಿ .375 ರಿಮ್‌ಲೆಸ್ ಎಂದು ಹೆಸರು, 1912ರ .375 ಎಚ್ ಆಂಡ್ ಎಚ್ ಮ್ಯಾಗ್ನಮ್ ಅದಕ್ಕಿಂತ ಎಷ್ಟೋ ಉದ್ದದ, ಬಲದ ಬೇರೆಯೇ ಕಾಡತೂಸು. ನೆಮ್ಮದಿ ಕೊಡುವುದೆಂದರೆ .275 ರಿಗ್ಬಿ ಮಾತ್ರ: ಅದು 7×57 ಮೌಸರ್ರೇ, ಹೆಸರಷ್ಟೇ ಬೇರೆ.

ಖಚಿತ ಮಾಡುವ ದಾರಿ ಎರಡು ಅಳತೆ. ಚೇಂಬರಿಗೆ ಸೆರೋಸೇಫ್ ಎಂಬ ಮಿಶ್ರಲೋಹದ ಎರಕ ಹೊಯ್ಯಬೇಕು. ಅದು 71ರಿಂದ 88 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ, ಕೋವಿಗೆ ಹಾನಿಯಿಲ್ಲ. ಮೊದಲು ಚೇಂಬರನ್ನು ಎಣ್ಣೆಯ ಪಸೆ ಇಲ್ಲದಂತೆ ಒರೆಸಿ, ಸುರುಳಿಗೆರೆ ಆರಂಭವಾಗುವ ಜಾಗದಿಂದ ಸ್ವಲ್ಪ ಮುಂದೆ ನಳಿಗೆಗೆ ಬಟ್ಟೆ ತುರುಕಿ, ಹೊಯ್ಯಬೇಕು. ಎರಕ ಮೊದಲು ಕುಗ್ಗುತ್ತದೆ, ಆಮೇಲೆ ನಿಧಾನವಾಗಿ ಹಿಗ್ಗುತ್ತದೆ. ಕುಗ್ಗಿದ್ದಾಗಲೇ, ಅಂದರೆ ಅರ್ಧ ಗಂಟೆಯೊಳಗೆ ಹೊರತೆಗೆಯಬೇಕು. ಚೇಂಬರಿನ ನಿಜ ಅಳತೆಗೆ ಮರಳುವುದು ಎರಕ ಹೊಯ್ದು ಸುಮಾರು ಒಂದು ಗಂಟೆಗೆ, ಆಗ ಅಳೆಯಬೇಕು. ಮರುದಿನ ಅಳೆದರೆ ತಪ್ಪು ಬರುತ್ತದೆ. ಎರಡನೆಯದು ನಳಿಗೆಯ ಅಳತೆ: ನಳಿಗೆಗಿಂತ ಕೊಂಚ ದಪ್ಪದ ಮೆತ್ತನೆ ಸೀಸದ ಗುಂಡನ್ನು ಎಣ್ಣೆ ಹಚ್ಚಿ ಈ ತುದಿಯಿಂದ ಆ ತುದಿಗೆ ತಳ್ಳಿ, ಹೊರಬಂದ ಸೀಸವನ್ನು ಮೈಕ್ರೋಮೀಟರಿನಲ್ಲಿ ಅಳೆಯುವುದು. .318ಕ್ಕೂ .323ಕ್ಕೂ ಇರುವ ಅಂತರ ಕಣ್ಣಿಗೆ ಕಾಣದು, ಮೈಕ್ರೋಮೀಟರಿಗೆ ಕಾಣುತ್ತದೆ.

ನಳಿಗೆಯ ಸ್ಥಿತಿ ನೋಡುವುದು ಹೇಗೆ?

ಬೋಲ್ಟ್ ತೆಗೆದು, ಒಣ ಬಟ್ಟೆ ಹಾಯಿಸಿ, ಹಿಂದಿನಿಂದ ಬೆಳಕಿಗೆ ಹಿಡಿದು ನೋಡಿ. ಎಣ್ಣೆ ಇರುವಾಗ ಎಲ್ಲ ನಳಿಗೆಯೂ ಹೊಳೆಯುತ್ತದೆ, ಅದಕ್ಕೇ ಮೊದಲು ಒರೆಸುವುದು. ಹಳೆಯ ಕಾಡತೂಸುಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸುಟ್ಟ ಮೇಲೆ ಉಳಿಯುವ ಉಪ್ಪು ಗಾಳಿಯ ತೇವ ಹೀರುತ್ತದೆ. ಮಡಿಕೇರಿಯ ಮಳೆಗಾಲದಲ್ಲಿ ಎರಡು ದಿನ ಶುಚಿ ಮಾಡದೆ ಬಿಟ್ಟರೂ ಸಾಕು, ಗುಳಿ ಬೀಳುತ್ತದೆ. ಗೆರೆಗಳ ಮೂಲೆಯಲ್ಲಿ ಕಪ್ಪು ಚುಕ್ಕೆ ಸಣ್ಣದಾಗಿದ್ದರೆ ಬೆಲೆ ಸ್ವಲ್ಪ ಇಳಿಯುತ್ತದೆ. ಗೆರೆಯ ಅಂಚೇ ಮೊಂಡಾಗಿದ್ದರೆ ತುಂಬಾ ಇಳಿಯುತ್ತದೆ.

ಮೂತಿಯ ಅಂಚು, ಚೇಂಬರಿನ ಮುಂಭಾಗ ಇವೆರಡನ್ನು ತಪ್ಪದೆ ನೋಡಿ. ಉದ್ದವನ್ನೂ ಅಳೆಯಿರಿ: ಬೋಲ್ಟ್ ಮುಚ್ಚಿ, ಮೂತಿಯಿಂದ ಸರಳು ಇಳಿಸಿ ಗುರುತು ಹಾಕಿ. ಮಾದರಿಯ ಉದ್ದಕ್ಕಿಂತ ಗಿಡ್ಡವಿದ್ದರೆ ಯಾರೋ ಕತ್ತರಿಸಿದ್ದಾರೆ.

ಬೆಲೆಯನ್ನು ಕೆಡಿಸುವ ಸಂಗತಿಗಳು ಯಾವುವು?

ದೊಡ್ಡ ಶತ್ರು "ಹೊಸದರಂತೆ ಮಾಡಿಸಿದ್ದು". ಮರು ಬಣ್ಣ ಹಾಕಿಸಿದ ಲೋಹದ ಮೂಲೆಗಳು ದುಂಡಗಾಗಿರುತ್ತವೆ, ಮುದ್ರೆಗಳ ಅಂಚು ಮಸುಕಾಗಿರುತ್ತದೆ, ಸ್ಕ್ರೂ ರಂಧ್ರದ ಬಾಯಿ ತಟ್ಟೆಯ ಹಾಗೆ ತಗ್ಗಾಗಿರುತ್ತದೆ. ತೆಳ್ಳಗೆ ಸವೆದ ಅಸಲಿ ಬಣ್ಣಕ್ಕೆ ಸಂಗ್ರಾಹಕ ಹೆಚ್ಚು ಕೊಡುತ್ತಾನೆ. ವಾಲ್‌ನಟ್ ಮರಕ್ಕೆ ಪಾಲಿಯುರೆಥೇನ್ ಬಳಿದಿದ್ದರೆ, ಕೈಹಿಡಿಯ ಚೌಕುಳಿ ಕೆತ್ತನೆಯನ್ನು ಸ್ಯಾಂಡ್‌ಪೇಪರಿನಿಂದ ತಿಕ್ಕಿದ್ದರೆ ಅದು ಮರಳಿ ಬರುವುದಿಲ್ಲ.

ಎರಡನೆಯದು ಟೆಲಿಸ್ಕೋಪಿಗೆಂದು ರಿಸೀವರಿನಲ್ಲಿ ಆಮೇಲೆ ಕೊರೆದ ತೂತುಗಳು. ಮೂರನೆಯದು ರಬ್ಬರ್ ಪ್ಯಾಡ್ ಕೂರಿಸಲು ಕತ್ತರಿಸಿದ ಸ್ಟಾಕ್. ಬೋಲ್ಟಿನ ನಂಬರ್ ರಿಸೀವರಿನ ನಂಬರಿಗೆ ಹೊಂದದಿದ್ದರೆ ಬೆಲೆಯಷ್ಟೇ ಅಲ್ಲ, ಸುರಕ್ಷತೆಯೂ ಹೋಯಿತು. ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ಚೇಂಬರಿಗೂ ನಡುವಿನ ಅಂತರ) ಗೇಜಿನಿಂದ ನೋಡದೆ ಅದನ್ನು ಹಾರಿಸುವಂತಿಲ್ಲ.

ಮರದ ಬಿರುಕುಗಳನ್ನು ಮೂರು ಕಡೆ ಹುಡುಕಿ: ರಿಸೀವರ್ ಬಾಲದ ಹಿಂದೆ, ಮ್ಯಾಗಝಿನ್ ಮತ್ತು ಟ್ರಿಗರ್ ನಡುವಿನ ತೆಳು ಮರದಲ್ಲಿ, ಮುಂಬಳೆಯ ಕೆಳಗಿನ ಒದೆ ತಡೆಯುವ ಲಗ್ಗಿನ ಹಿಂದೆ. ಕೋವಿಯನ್ನು ಮೂತಿ ಮೇಲಾಗಿ ನಿಲ್ಲಿಸಿಟ್ಟರೆ ಎಣ್ಣೆ ಇಳಿದಿಳಿದು ಅಲ್ಲಿನ ಮರ ಕಪ್ಪಗೆ ಮೆತ್ತಗಾಗುತ್ತದೆ, ಬಿರುಕು ಅಲ್ಲಿಂದಲೇ ಶುರು.

ಹಳೆಯ ಟೆಲಿಸ್ಕೋಪ್ ಇದೆ. ತೆಗೆದು ಬೇರೆ ಮಾರಬಹುದೇ?

ಬೇಡ. ಝೈಸ್ ಝೀಲ್‌ಫಿಯರ್, ಹೆನ್ಸೋಲ್ಟ್ ಡಿಯಾಲಿಟಾನ್, ವಿಯೆನ್ನಾದ ಕಾಲೆಸ್ ಹೆಲಿಯಾ ಇಂಥವನ್ನು ಕೊಕ್ಕೆ ಮೌಂಟುಗಳ ಮೇಲೆ ಅದೇ ರೈಫಲಿಗೆ ಕೈಯಿಂದ ಅರವಿ ಕೂರಿಸುತ್ತಿದ್ದರು. ಹಲವು ಸಲ ಮೌಂಟಿನ ಮೇಲೆ ರೈಫಲಿನ ನಂಬರೇ ಇರುತ್ತದೆ. ಬೇರ್ಪಡಿಸಿದರೆ ಎರಡೂ ಅನಾಥ. ಒಳಗೆ ಮಂಜು ಹಿಡಿದಿದ್ದರೂ ಹಾಗೇ ಇರಲಿ.

ಕೊನೆಗೆ ಬೆಲೆ ಕಟ್ಟುವುದು ಹೇಗೆ?

ಅಂತರ್ಜಾಲದಲ್ಲಿ ಜನ ಕೇಳುತ್ತಿರುವ ಬೆಲೆ ಬೆಲೆಯೇ ಅಲ್ಲ. ಇಂಗ್ಲೆಂಡಿನ ಹೋಲ್ಟ್ಸ್, ಮ್ಯೂನಿಕ್ಕಿನ ಹೆರ್ಮಾನ್ ಹಿಸ್ಟೋರಿಕಾ, ಅಮೆರಿಕದ ರಾಕ್ ಐಲ್ಯಾಂಡ್ ಹರಾಜುಗಳಲ್ಲಿ ಮಾರಾಟವಾದ ಬೆಲೆ ನೋಡಿ. ಅದೇ ಮಾದರಿ, ಅದೇ ಬೋರ್, ಅದೇ ಸ್ಥಿತಿಯ ಕನಿಷ್ಠ ಮೂರು ಮಾರಾಟ ಹಿಡಿಯಿರಿ. ಪ್ರಕಟಿತ ಬೆಲೆಯಲ್ಲಿ ಕೊಳ್ಳುವವನ ಕಮಿಷನ್ ಸೇರಿದೆಯೇ ನೋಡಿ. ಮಾರುವವನಿಗೆ ಸಿಗುವುದು ಸುತ್ತಿಗೆ ಬಿದ್ದ ಬೆಲೆ, ಅದರಲ್ಲೂ ತನ್ನ ಪಾಲಿನ ಕಮಿಷನ್ ಕಳೆದ ಮೇಲೆ.

ಕಾಗದಪತ್ರಕ್ಕೆ ಬೆಲೆ ಇದೆ, ಬಾಯಿಮಾತಿಗಿಲ್ಲ. ಜಿಮ್ ಕಾರ್ಬೆಟ್ ಅವರ .275 ರಿಗ್ಬಿಯ ಸ್ಟಾಕಿನಲ್ಲಿ 1907ರ ಉಡುಗೊರೆಯ ವಿವರ ಕೆತ್ತಿದ ಬೆಳ್ಳಿ ತಗಡಿದೆ, ಕಂಪನಿಯ ದಾಖಲೆಯೂ ಅದಕ್ಕೆ ಹೊಂದುತ್ತದೆ; ಅದರ ಬೆಲೆ ಅಲ್ಲಿಂದ ಬಂದದ್ದು. ನಿಮ್ಮ ಅಜ್ಜನ ಹಳೆಯ ಪರವಾನಗಿ ಪುಸ್ತಕ, ಅಂಗಡಿಯ ರಸೀದಿ, ಮೂಲ ಪೆಟ್ಟಿಗೆ ಇದ್ದರೆ ಎತ್ತಿಡಿ.

ಆದರೆ ಯುರೋಪಿನ ಹರಾಜಿನ ಅಂಕೆಯನ್ನು ರೂಪಾಯಿಗೆ ಗುಣಿಸಿ ಕನಸು ಕಾಣಬೇಡಿ. ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು, ಆಗ ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ದೇಶದೊಳಗೆ ಕೊಳ್ಳುವವನು ಪರವಾನಗಿ ಇರುವವನೇ ಆಗಬೇಕು, ಅವನಿಗೆ ಬೇಕಿರುವುದು ಕಾಡತೂಸು ಸಿಗುವ ಕೋವಿ. ಹಾಗಾಗಿ ಲಂಡನ್ನಿನಲ್ಲಿ ಪೈಪೋಟಿ ಹುಟ್ಟಿಸುವ 9.5×57 ಕಾರ್ಬೈನ್ ಇಲ್ಲಿ ಸಾಧಾರಣ .315ಕ್ಕಿಂತ ಕಡಿಮೆಗೆ ಹೋಗಬಹುದು. ಬೆಲೆ ಪತ್ರ ಬರೆಸುವಾಗ ಅದು ವಿಮೆಗೋ, ಆಸ್ತಿ ಪಾಲಿಗೋ, ಮಾರಾಟಕ್ಕೋ ಎಂದು ಸ್ಪಷ್ಟವಾಗಿ ಬರೆಸಿ.

ಅಪ್ಪ ತೀರಿಕೊಂಡರು, ರೈಫಲ್ ಮನೆಯಲ್ಲೇ ಇದೆ. ಬೆಲೆ ಕಟ್ಟಿಸಲು ಒಯ್ಯಬಹುದೇ?

ಪರವಾನಗಿ ನಿಮ್ಮ ಹೆಸರಿನಲ್ಲಿಲ್ಲದೆ ಒಯ್ಯಬೇಡಿ. ಶಸ್ತ್ರಾಸ್ತ್ರ ಕಾಯ್ದೆಯ 21ನೇ ಕಲಂ ಪ್ರಕಾರ ಅದನ್ನು ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಡೀಲರ್ ಬಳಿ ಠೇವಣಿ ಇಡಬೇಕು. ಆಮೇಲೆ 2016ರ ನಿಯಮಗಳ 25ನೇ ನಿಯಮದಡಿ ವಾರಸುದಾರರಾಗಿ ಅರ್ಜಿ ಹಾಕಿ. ಪರವಾನಗಿದಾರರು ಬದುಕಿದ್ದಾಗಲೇ, 70 ವರ್ಷ ದಾಟಿದ್ದರೆ ಅಥವಾ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ, ಇದೇ ನಿಯಮದಡಿ ವರ್ಗಾಯಿಸಬಹುದು; ಅದು ಎಲ್ಲಕ್ಕಿಂತ ಸುಲಭದ ದಾರಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಕೋವಿ, ವಂಶಪಾರಂಪರ್ಯವಾಗಿ ಬಂದದ್ದೂ ಈ ಲೆಕ್ಕದಲ್ಲೇ.

ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿ 2029ರ ಅಕ್ಟೋಬರ್ ತನಕ ವಿಸ್ತರಣೆಯಾಗಿದೆ. ಅದು ಯಾರಿಗೆ ಬೇಕಾದರೂ ಮಾರುವ ಅನುಮತಿಯಲ್ಲ. ಜಿಲ್ಲೆಯ ಹೊರಗೆ ಒಯ್ಯುವ ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ಬರಹದಲ್ಲಿ ಕೇಳಿ. ಸೀರಿಯಲ್ ನಂಬರ್ ಅಳಿಸುವುದು, ಅನುಮತಿಯಿಲ್ಲದೆ ನಳಿಗೆ ಕತ್ತರಿಸುವುದು ಎಲ್ಲರಿಗೂ ಅಪರಾಧ. ಬೇಟೆಯಂತೂ 1972ರ ವನ್ಯಜೀವಿ ಕಾಯ್ದೆಯಿಂದ ನಿಷಿದ್ಧ.

ತಜ್ಞರಿಗೆ ಮೊದಲು ಫೋಟೋ ಕಳಿಸಿದರೆ ಸಾಕಾಗುತ್ತದೆ: ಎರಡೂ ಬದಿಯ ಪೂರ್ಣ ಚಿತ್ರ, ಮುಂಬಳೆ, ಎಲ್ಲ ಮುದ್ರೆಗಳು ಓರೆ ಬೆಳಕಿನಲ್ಲಿ, ತೆರೆದ ಬೋಲ್ಟ್, ಮೂತಿ, ಹಿಂದಟ್ಟೆ, ಬಿರುಕುಗಳು. ಮುದ್ರೆ ಕಾಣದಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ.

ಅಲ್ಲಿಯ ತನಕ ಇಡುವುದು ಹೇಗೆ?

ಬಟ್ಟೆಯ ಅಥವಾ ಚರ್ಮದ ಚೀಲದಲ್ಲಿ ಬೇಡ, ಅವು ತೇವ ಹಿಡಿದಿಡುತ್ತವೆ. ಲೋಹಕ್ಕೆ ತೆಳುವಾಗಿ ಕೋವಿ ಎಣ್ಣೆ, ಮೂತಿ ಕೆಳಗಾಗುವಂತೆ ಮೆತ್ತನೆ ಬಟ್ಟೆಯ ಮೇಲೆ, ಬೀಗದ ಪೆಟ್ಟಿಗೆಯಲ್ಲಿ. ಕೈಲ್ ಮುಹೂರ್ತಕ್ಕೋ ಆಯುಧಪೂಜೆಗೋ ಗಂಧ, ಕುಂಕುಮ ಹಚ್ಚುವುದಾದರೆ ಮರದ ಸ್ಟಾಕಿನ ಮೇಲೆ ಹಚ್ಚಿ. ಉಕ್ಕಿನ ಮೇಲೆ ಒದ್ದೆ ಗಂಧ ಒಂದು ರಾತ್ರಿ ಉಳಿದರೂ ಬೊಟ್ಟಿನ ಆಕಾರಕ್ಕೇ ತುಕ್ಕು ಕೂರುತ್ತದೆ. ಓಬರ್ನ್‌ಡಾರ್ಫಿನ ಬಾವುಟದ ಮುದ್ರೆಯ ಮೇಲೆ ಅದು ಬಿದ್ದರೆ ತೆಗೆಯಲು ಹೋಗಿ ಮುದ್ರೆಯೂ ಹೋಗುತ್ತದೆ.